ಹೆಗ್ಗಡೆಯರೆಲ್ಲರೂ ಒಂದೇ ಮನೆಯವರೇ?

ಕಳೆದ ಮಾಘಮಾಸದ ಒಂದು ಬೆಳಿಗ್ಗೆ ಶಿರಸಿಯ ಸೀಮೆಯ ಗೃಹಸ್ಥರೊಬ್ಬರು ನಮ್ಮ ಮನೆಗೆ ದಯಮಾಡಿಸಿ, ಕಂಕುಳಲ್ಲಿದ್ದ ಕಾಗದದ ಸುರುಳಿಯನ್ನು ಜಗಲಿಯ ಮೇಲೆ ಬಿಡಿಸಿ ಹರಡಿದರು. ಅದು ಅವರ ಮನೆತನದ ವಂಶವೃಕ್ಷ. ಮೊಮ್ಮಗನ ಉಪನಯನದ ಹೊತ್ತಿಗೆ ಅದನ್ನು ಪುಸ್ತಕವಾಗಿ ಅಚ್ಚುಹಾಕಿಸಿ ಬಂಧುಬಾಂಧವರಿಗೆಲ್ಲ ಹಂಚಬೇಕೆಂದು ಅವರ ಸಂಕಲ್ಪ. ಅದಕ್ಕೆ ನಾವು ನಾಲ್ಕು ಮಾತಿನ ಮುನ್ನುಡಿಯನ್ನು ಬರೆದುಕೊಡಬೇಕೆಂದು ಅಪೇಕ್ಷೆ. ಅವರ ಅಡ್ಡಹೆಸರು ಹೆಗಡೆ. ವೃಕ್ಷದ ಬೇರಿನಲ್ಲಿ ಕೆಂಪು ಮಸಿಯಿಂದ ದುಂಡಗೆ ಬರೆದಿದ್ದ ಹೆಸರು ‘ಪೆರ್ಗಡೆ ಮಾರಸಿಂಗಯ್ಯ’. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯಾದ ಶಾಂತಲದೇವಿಯ ತಂದೆ! ಬೇರಿಗೂ ಕಾಂಡಕ್ಕೂ ನಡುವೆ ಚುಕ್ಕೆಗಳ ಒಂದು ಸಾಲಿತ್ತು. “ಇವು ಏನು?” ಎಂದು ಕೇಳಿದೆವು. “ಅಲ್ಲಿ ಕೆಲವು ಹೆಸರುಗಳು ಸಿಕ್ಕಲಿಲ್ಲ” ಎಂದರು. ಲೆಕ್ಕ ಹಾಕಿ ನೋಡಿದರೆ, ಸಿಕ್ಕದೆ ಹೋದದ್ದು ಸುಮಾರು ಏಳು ನೂರು ವರ್ಷಗಳ ಹೆಸರುಗಳು.

ಇದನ್ನು ಕಂಡು ನಕ್ಕುಬಿಡುವುದು ಸುಲಭ. ನಾವು ನಗಲಿಲ್ಲ, ಏತಕ್ಕೆಂದರೆ ಅವರ ತರ್ಕದಲ್ಲಿ ಅರ್ಧದಷ್ಟು ಸರಿಯಾಗಿಯೇ ಇತ್ತು. ಪೆರ್ಗಡೆ ಎಂಬ ಹಳಗನ್ನಡದ ಶಬ್ದವೇ ಹೆಗ್ಗಡೆಯಾಗಿ, ಹೆಗಡೆಯಾಗಿ, ಹೆಗ್ಡೆಯಾಗಿ ನಮ್ಮ ಕಾಲಕ್ಕೆ ಇಳಿದುಬಂದಿದೆ ಎಂಬುದರಲ್ಲಿ ಸಂಶಯವಿಲ್ಲ. ಪೆರ್ ಎಂದರೆ ಹಿರಿದು. ಪದದ ಆದಿಯಲ್ಲಿದ್ದ ಪಕಾರವು ಹಕಾರವಾಗಿ, ರೇಫವು ಮುಂದಿನ ವ್ಯಂಜನದಲ್ಲಿ ಲೀನವಾಗಿ, ಪೆರ್ಮೆ ಹೆಮ್ಮೆಯಾದಂತೆ, ಪೆರ್ಮರ ಹೆಮ್ಮರವಾದಂತೆ, ಪೆರ್ಬಾಗಿಲು ಹೆಬ್ಬಾಗಿಲಾದಂತೆ ಪೆರ್ಗಡೆಯೂ ಹೆಗ್ಗಡೆಯಾಯಿತು. ಹೊಯ್ಸಳರ ಕಾಲದ ಶಾಸನಗಳಲ್ಲಿ ಈ ಎರಡು ರೂಪಗಳೂ ಕಾಣಸಿಗುತ್ತವೆ. ಹೆಬ್ಬಾರ ಎಂಬ ಅಡ್ಡಹೆಸರು ಕೂಡ ಇದೇ ಪೆರ್ ಎಂಬುದರ ಸಂತಾನವೇ. ಪಾರುವ ಎಂದರೆ ಬ್ರಾಹ್ಮಣ, ಹೆಬ್ಬಾರುವ ಎಂದರೆ ಹಿರಿಯ ಬ್ರಾಹ್ಮಣ. ತುಳುವಿನಲ್ಲಿ ಆದಿಯ ಪಕಾರವು ಕೆಡದೆ ನಿಂತದ್ದರಿಂದ ನಮ್ಮ ಹುಲಿ ಅಲ್ಲಿ ಇಂದಿಗೂ ಪಿಲಿ. ಧರ್ಮಸ್ಥಳದ ಐತಿಹ್ಯದಲ್ಲಿ ಬರುವ ಬಿರ್ಮಣ್ಣನೂ ಹೆಗ್ಗಡೆಯಲ್ಲ, ಪೆರ್ಗಡೆ. ತೆಲುಗರ ಬಾಯಲ್ಲಿ ಇದು ಪ್ರೆಗ್ಗಡ, ಪ್ರಗಡ ಎಂದಾಗಿ, ಮಹಾಭಾರತವನ್ನು ತೆಲುಗಿಗೆ ತಂದ ಕವಿತ್ರಯದಲ್ಲಿ ಒಬ್ಬನಾದ ಎರ್ರಾಪ್ರಗಡನ ಹೆಸರಿನಲ್ಲಿ ಸೇರಿಕೊಂಡು ಕುಳಿತಿದೆ.

ಶಬ್ದ ಒಂದೇ ಆಯಿತು. ಅದರಿಂದ ವಂಶವೂ ಒಂದೇ ಆಗುವುದೇ? ಇಲ್ಲಿಯೇ ನಮ್ಮ ಮಿತ್ರರ ತರ್ಕವು ಕಾಲುಜಾರಿತ್ತು. ಶಾಸನಗಳ ಪೆರ್ಗಡೆಯು ಮನೆತನದ ಹೆಸರಲ್ಲ, ಅಧಿಕಾರದ ಹೆಸರು. ಅರಮನೆಯ ಆಡಳಿತವನ್ನು ನೋಡಿಕೊಳ್ಳುವವನು ಮನೆವೆರ್ಗಡೆ. ಅಡಿಗೆಯ ಶಾಲೆಯ ಮೇಲ್ವಿಚಾರಣೆಯವನು ಬಾಣಸವೆರ್ಗಡೆ. ಸುಂಕವನ್ನೆತ್ತುವವನು ಸುಂಕದ ಹೆಗ್ಗಡೆ. ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಕಾಲದಲ್ಲಿ ಇಂಥವರು ನಾಡಿನ ತುಂಬ ಇದ್ದರು. ಇಂದಿನ ತಹಶೀಲ್ದಾರರೆಲ್ಲರೂ ಒಬ್ಬ ಮೂಲ ತಹಶೀಲ್ದಾರನ ಮಕ್ಕಳು ಮೊಮ್ಮಕ್ಕಳೆಂದು ಯಾರಾದರೂ ಬರೆದರೆ ಎಷ್ಟು ಸರಿಯೋ ಇದೂ ಅಷ್ಟೇ ಸರಿ. ವಾಚಕರು ಇನ್ನೊಂದು ಗುರುತನ್ನು ನೆನಪಿನಲ್ಲಿಡಬೇಕು: ಶಾಸನದಲ್ಲಿ ಹೆಗ್ಗಡೆ ಎಂಬುದು ಬಹುಮಟ್ಟಿಗೆ ಹೆಸರಿಗೆ ಮೊದಲು ಬರುತ್ತದೆ, ನಮ್ಮ ಕಾಲದಲ್ಲಿ ಹೆಸರಿನ ಬಾಲಕ್ಕೆ ಬರುತ್ತದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯು ತನ್ನ ಹೆಸರಿನಲ್ಲಿ ಆ ಹಳೆಯ ಕ್ರಮವನ್ನು ಇಂದಿಗೂ ಕಾಪಾಡಿಕೊಂಡಿದೆ. ತಲೆಯ ಮೇಲಿನ ಪೇಟ ಕೆಳಗಿಳಿದು ಬಾಲವಾಗುವುದಕ್ಕೆ ಕೆಲವು ಶತಮಾನಗಳು ಹಿಡಿದವು.

ಮಾರಸಿಂಗಯ್ಯನ ಮನೆಯ ವೃತ್ತಾಂತವು ಈ ವಿಷಯಕ್ಕೆ ಬಹಳ ಉಪಯುಕ್ತವಾದದ್ದು. ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಅಚ್ಚುಮಾಡಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿ ಹೆಚ್ಚಿಸಿದರು. ಶಾಂತಲದೇವಿಯು 1123ರಲ್ಲಿ ಅಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ಕಾಲವಾದಳು. ಮಗಳ ಅಗಲಿಕೆಯನ್ನು ತಾಳಲಾರದೆ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟಳು. ಇವೆಲ್ಲ ಅಲ್ಲಿಯ ಶಾಸನಗಳಿಂದ ತಿಳಿಯುವ ಸಂಗತಿಗಳು. ಮಾಚಿಕಬ್ಬೆ ಜೈನಧರ್ಮದವಳು, ಅವಳ ಗಂಡನಾದ ನಮ್ಮ ಪೆರ್ಗಡೆಯು ಪರಮಶೈವ, ಅವಳ ತಂದೆ ಬಲದೇವನು ಪೆರ್ಗಡೆಯಲ್ಲ, ದಣ್ಣಾಯಕ, ಎಂದರೆ ದಂಡಿನ ಅಧಿಕಾರಿ. ಮಾವನದು ಒಂದು ಪದವಿ, ಅಳಿಯನದು ಇನ್ನೊಂದು. ಗಂಡನದು ಒಂದು ಮತ, ಹೆಂಡತಿಯದು ಮತ್ತೊಂದು. ಪೆರ್ಗಡೆ ಎಂಬ ಒಂದು ಮಾತನ್ನು ಹಿಡಿದುಕೊಂಡು ಆ ಮನೆಯ ಜಾತಿಯನ್ನಾಗಲಿ ಮತವನ್ನಾಗಲಿ ಹೇಳುವುದಕ್ಕೆ ಆಗದಿರುವಾಗ, ಒಂಬತ್ತು ಶತಮಾನಗಳ ಆಚೆಯ ಶಿರಸಿಯ ಅಡಿಕೆತೋಟದ ಯಜಮಾನರಿಗೆ ಅದರಿಂದ ಬಾಂಧವ್ಯವನ್ನು ಹೇಳುವುದು ಹೇಗೆ?

ಈಗಿನ ಹೆಗ್ಗಡೆಯರನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ನೋಡೋಣ. ಉತ್ತರ ಕನ್ನಡದ ಹವ್ಯಕ ಬ್ರಾಹ್ಮಣರಲ್ಲಿ ಹೆಗಡೆಯವರು ಊರೂರಿಗೂ ಇದ್ದಾರೆ. ಉಡುಪಿ, ಮಂಗಳೂರುಗಳ ಕಡೆಯ ಬಂಟರಲ್ಲಿ ಹೆಗ್ಡೆಯವರಿದ್ದಾರೆ. ಜೈನರಲ್ಲಿ ಇದ್ದಾರೆ, ಧರ್ಮಸ್ಥಳದಲ್ಲಿಯಂತೂ ಹೆಗ್ಗಡೆ ಎಂಬುದು ಇಂದಿಗೂ ಪಟ್ಟದ ಹೆಸರು, ಹುಟ್ಟಿನ ಹೆಸರಲ್ಲ, ಹಳೆಯ ಅರ್ಥವು ಅಲ್ಲಿ ಇನ್ನೂ ಜೀವಂತವಾಗಿದೆ. ಮಲೆನಾಡಿನ ಒಕ್ಕಲಿಗ ಮನೆಗಳ ಹೆಗ್ಗಡೆಯರನ್ನು ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು ಓದಿದವರೆಲ್ಲ ಬಲ್ಲರು. ಕೊಡಗಿನಲ್ಲಿ ಹೆಗ್ಗಡೆ ಎಂಬುದು ಒಂದು ಸಮುದಾಯದ ಹೆಸರೇ ಆಗಿದೆ. ಇವರಲ್ಲಿ ಬಾಂಧವ್ಯವನ್ನು ಎಣಿಸುವ ರೀತಿಯೂ ಬೇರೆ ಬೇರೆ. ಹವ್ಯಕರಿಗೆ ಗೋತ್ರಪ್ರವರಗಳು ಮುಖ್ಯ. ಬಂಟರಿಗೆ ತಾಯಿಯ ಕಡೆಯಿಂದ ಬರುವ ಬಳಿಯೇ ಪ್ರಧಾನ. ಅಲ್ಲಿ ಒಬ್ಬ ಹೆಗ್ಡೆ ಮತ್ತು ಒಬ್ಬ ಶೆಟ್ಟಿ ಒಂದೇ ಬಳಿಯವರಾಗಿರಬಹುದು, ಇಬ್ಬರು ಹೆಗ್ಡೆಯರು ಬೇರೆ ಬೇರೆ ಬಳಿಯವರಾಗಿರಬಹುದು. ಅಡ್ಡಹೆಸರನ್ನು ಕೇಳಿ ನೆಂಟಸ್ತಿಕೆಯನ್ನು ತೀರ್ಮಾನಿಸುವವರು ಈ ಎರಡು ಕಡೆಯೂ ಮೋಸಹೋಗುತ್ತಾರೆ.

ಅಧಿಕಾರದ ಹೆಸರು ಮನೆಯ ಹೆಸರಾದ ಬಗೆ ಗಹನವಾದದ್ದೇನಲ್ಲ. ಊರಿನ ಅಧಿಕಾರಕ್ಕೆ ಉಂಬಳಿಯ ಭೂಮಿ ಹತ್ತಿಕೊಂಡಿತ್ತು. ಭೂಮಿಯು ತಂದೆಯಿಂದ ಮಗನಿಗೆ ಬಂತು. ಭೂಮಿಯ ಹಿಂದೆ ಅಧಿಕಾರವೂ, ಅಧಿಕಾರದ ಹಿಂದೆ ಹೆಸರೂ ಬಂದವು. ಮುಂದೆ ಅಧಿಕಾರ ಹೋದರೂ ಹೆಸರು ಹೋಗಲಿಲ್ಲ. ಇದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನವೇ ಉಂಟು: ವಂಶಪರಂಪರೆಯ ಪಟೇಲಿಕೆ, ಶಾನುಭೋಗಿಕೆಗಳನ್ನು ರದ್ದುಮಾಡಿದ 1961ರ ಕಾಯಿದೆಯು 1963ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಲೆಕ್ಕ ಬರೆಯುವ ಶಾನುಭೋಗರು ಅಂದಿಗೆ ಮುಗಿದರು. ಶಾನಭಾಗ ಎಂಬ ಅಡ್ಡಹೆಸರಿನವರು ಮಾತ್ರ ಬ್ಯಾಂಕುಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಸುಖವಾಗಿದ್ದಾರೆ.

ಅಡ್ಡಹೆಸರನ್ನು ಕಟ್ಟಿಕೊಡುವವರಲ್ಲಿ ಉಪಾಧ್ಯಾಯರೂ ಸೇರಿದ್ದಾರೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾವು ಹೊಸದಾಗಿ ಕೆಲಸಕ್ಕೆ ಸೇರಿದ್ದ ವರ್ಷ, ದಾಖಲಾತಿಯ ಪುಸ್ತಕವನ್ನು ಮುಂದಿಟ್ಟುಕೊಂಡು ಒಬ್ಬ ಹುಡುಗನನ್ನು ಹೆಸರೇನು, ತಂದೆಯ ಹೆಸರೇನು ಎಂದು ಕೇಳುತ್ತ ಹೋದೆವು. “ಮುಂದೆ?” ಎಂದದ್ದಕ್ಕೆ ಅವನು “ಹೆಗಡೆ” ಎಂದ. ಅಡ್ಡಹೆಸರಿನ ಕಲಮಿನಲ್ಲಿ ಹಾಗೆಯೇ ಬರೆದೆವು. ಕುಮಟೆಯ ಹತ್ತಿರ ಹೆಗಡೆ ಎಂಬ ಒಂದು ಊರೇ ಇದೆಯೆಂಬುದೂ, ಹುಡುಗನು ಹೇಳಿದ್ದು ತನ್ನ ಊರಿನ ಹೆಸರೆಂಬುದೂ ನಮಗೆ ತಿಳಿದದ್ದು ಅವನು ಹತ್ತನೆಯ ತರಗತಿಯ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದುಕೊಂಡು ಬಂದಾಗ. ತಿದ್ದಿಸೋಣವೆಂದರೆ ಅವನ ತಂದೆ, “ಬಿಡಿ ಮಾಸ್ತರೇ, ಅಂಚೆಯವನಿಗೂ ಈಗ ರೂಢಿಯಾಗಿದೆ” ಎಂದುಬಿಟ್ಟರು. ಆ ಹುಡುಗನ ಮಕ್ಕಳು ಈಗ ಬೆಂಗಳೂರಿನಲ್ಲಿ ಹೆಗಡೆಯರು. ಮುನ್ನೂರು ವರ್ಷಗಳ ಮೇಲೆ ಅವರ ಸಂತತಿಯವರು ಯಾರಾದರೂ ಮಾರಸಿಂಗಯ್ಯನನ್ನು ಹುಡುಕಿಕೊಂಡು ಹೊರಟರೆ, ಆ ಅಪರಾಧವು ನಮ್ಮ ಲೇಖನಿಯದು.

ಅದು ಹಾಗಿರಲಿ. ನಮ್ಮ ಗೃಹಸ್ಥರಿಗೆ ನಾವು ಹೇಳಿದ್ದು ಇಷ್ಟೇ: “ಬೇರಿನಿಂದ ಕೆಳಗಿಳಿಯಬೇಡಿ, ಎಲೆಯಿಂದ ಮೇಲಕ್ಕೆ ಹತ್ತಿ.” ಶ್ರಾದ್ಧ ಮಾಡುವ ಮನೆಯಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಯ ಹೆಸರುಗಳು ಗೋತ್ರಸಹಿತವಾಗಿ ನಾಲಿಗೆಯ ಮೇಲಿರುತ್ತವೆ, ಮಹಾಲಯದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರುಗಳೂ, ತಾಯಿಯ ತಂದೆಯ ಕಡೆಯವರ ಹೆಸರುಗಳೂ ಸೇರುತ್ತವೆ. ಯಾವ ದಫ್ತರಕ್ಕೂ ಹೋಗದೆ ಸಿಕ್ಕುವ ಮೊದಲನೆಯ ದಾಖಲೆಯಿದು. ಎರಡನೆಯದು ಸೂತಕ. ಏಳನೆಯ ತಲೆಯವರೆಗೆ ಸಪಿಂಡರು, ಅವರ ಮರಣದಲ್ಲಿ ಹತ್ತು ದಿನಗಳ ಆಶೌಚ; ಅದರಾಚೆಯವರು ಸಮಾನೋದಕರು, ಅವರಿಗೆ ಮೂರು ದಿನ. ಆದಕಾರಣ ಯಾರ ಮನೆಯಲ್ಲಿ ಸಾವಾದರೆ ನಮ್ಮ ಮನೆಯಲ್ಲಿ ಎಷ್ಟು ದಿನ ಮೈಲಿಗೆಯಿತ್ತು ಎಂಬುದನ್ನು ವಯಸ್ಸಾದ ಹೆಂಗಸರನ್ನು ಕೇಳಿದರೆ, ಬರೆದಿಡದ ವಂಶಾವಳಿಯು ತಾನಾಗಿ ಹೊರಬೀಳುತ್ತದೆ. ಹುಟ್ಟೂ ಹೆಸರೂ ತಿಳಿಯದೆ ಹೋದಲ್ಲಿಗೆ ಸಮಾನೋದಕಭಾವವೂ ನಿಲ್ಲುತ್ತದೆಂದು ಮನುಸ್ಮೃತಿಯಲ್ಲಿ ಹೇಳಿದೆ. ಚುಕ್ಕೆಗಳಿಗೆ ತರ್ಪಣ ಕೊಡುವವರು ಯಾರು?

ಆಮೇಲೆ ಕಾಗದಪತ್ರಗಳು. ಮನೆಯ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಓಲೆಗರಿ, ಕಡತ, ಕ್ರಯಪತ್ರ, ಪಾಲುಪಟ್ಟಿ, ಅಡವಿನ ಪತ್ರ, ಕೋರ್ಟಿನ ತೀರ್ಪಿನ ನಕಲು ಯಾವುದಿದ್ದರೂ ಬಿಡಬಾರದು. ಇಂಥ ಪತ್ರಗಳಲ್ಲಿ ‘ಬಿನ್’ ಎಂದಿದ್ದರೆ ಇಂಥವರ ಮಗನೆಂದೂ, ‘ಕೋಂ’ ಎಂದಿದ್ದರೆ ಇಂಥವರ ಹೆಂಡತಿಯೆಂದೂ ತಿಳಿಯತಕ್ಕದ್ದು. ಈ ಎರಡು ಚಿಕ್ಕ ಶಬ್ದಗಳು ಅಡ್ಡಹೆಸರಿಗಿಂತ ನೂರು ಪಾಲು ಹೆಚ್ಚು ನಂಬಿಕೆಗೆ ಯೋಗ್ಯವಾದವು. ಸಾಕ್ಷಿಗಳ ರುಜುವನ್ನೂ ಬಿಡದೆ ಓದಬೇಕು, ದಾಯಾದಿಗಳೇ ಅನೇಕ ವೇಳೆ ಸಾಕ್ಷಿಗಳು. ಉತ್ತರ ಕನ್ನಡದವರು ಗಮನಿಸಬೇಕಾದ ಒಂದು ಸಂಗತಿಯುಂಟು: ಆ ಜಿಲ್ಲೆಯು 1862ರಲ್ಲಿ ಮದರಾಸು ಆಧಿಪತ್ಯದಿಂದ ಮುಂಬಯಿಯ ಆಧಿಪತ್ಯಕ್ಕೆ ಸೇರಿತು. ಆದ್ದರಿಂದ ಅದಕ್ಕೆ ಹಿಂದಿನ ಸರಕಾರಿ ಕಾಗದಗಳನ್ನು ಚೆನ್ನೈಯ ಕಡೆಯೂ ಮುಂದಿನವನ್ನು ಮುಂಬಯಿ, ಕಾರವಾರಗಳ ಕಡೆಯೂ ಅರಸಬೇಕಾಗುತ್ತದೆ. ಧಾರವಾಡ, ಬೆಳಗಾವಿಗಳ ಕಡೆಯ ವತನದಾರ ಮನೆತನಗಳವರಿಗೆ 1874ರ ಮುಂಬಯಿಯ ವತನ ಕಾಯಿದೆಯಿಂದ ಹುಟ್ಟಿದ ದಾಖಲೆಗಳು ಒಳ್ಳೆಯ ಆಧಾರ. ವತನಕ್ಕೆ ವಾರಸುದಾರರು ಯಾರೆಂಬ ವ್ಯಾಜ್ಯಗಳಲ್ಲಿ ಇಡೀ ವಂಶಾವಳಿಗಳೇ ಬರೆಯಲ್ಪಟ್ಟಿವೆ.

ಆ ಸೀಮೆಯವರಿಗೆ ಇನ್ನೊಂದು ಭಾಗ್ಯವೂ ಉಂಟು, ಹೆಳವರು. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಸುಗ್ಗಿಯ ಕಾಲದಲ್ಲಿ ಊರಿಗೆ ಬಂದು, ಒಕ್ಕಲು ಮನೆಗಳ ಮುಂದೆ ನಿಂತು, ಆ ಮನೆಯ ಹಿರಿಯರ ಹೆಸರುಗಳನ್ನು ತಲೆಯಿಂದ ತಲೆಗೆ ಒಪ್ಪಿಸಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು, ಕಾಳುಕಡ್ಡಿ ಪಡೆದುಕೊಂಡು ಹೋಗುವ ಈ ಜನರ ಕಸುಬು ವಂಶಾವಳಿಯೇ. ಮೂಲದ ಊರು ಯಾವುದು, ಅಲ್ಲಿಂದ ಏಕೆ ಎದ್ದುಬಂದರು ಎಂಬುದನ್ನೂ ಅವರು ಹೇಳುತ್ತಾರೆ. ಯಾರ ಮನೆಗೆ ಇನ್ನೂ ಹೆಳವರು ಬರುತ್ತಾರೋ ಅವರು ಒಂದು ಹೊತ್ತು ಕೂರಿಸಿ, ಎಲ್ಲವನ್ನೂ ಕೇಳಿ ಬರೆದುಕೊಳ್ಳಬೇಕು. ಈಗ ಅವರ ಮಕ್ಕಳು ಬೇರೆ ಕೆಲಸಗಳಿಗೆ ಹೋಗುತ್ತಿದ್ದಾರೆ.

ಚೈತ್ರದಲ್ಲಿ ನಾವು ಆ ಗೃಹಸ್ಥರ ಮನೆಗೆ ಹೋದೆವು. ತೊಂಬತ್ತರ ಹತ್ತಿರದ ಅವರ ಸೋದರತ್ತೆ ಒಳಗಿನ ಜಗಲಿಯಲ್ಲಿ ಕವಳ ಹಾಕಿಕೊಂಡು ಕುಳಿತಿದ್ದರು. ವಂಶವೃಕ್ಷದ ಕೊಂಬೆಗಳನ್ನು ಒಂದೊಂದಾಗಿ ಓದಿ ಹೇಳಿದೆವು. ಪಕ್ಕದ ತಾಲ್ಲೂಕಿನ ಹೆಗಡೆಯವರದೊಂದು ದೊಡ್ಡ ಮನೆಯನ್ನು ಇವರು ಅಡ್ಡಹೆಸರಿನ ಬಲದಿಂದ ಬಲಗಡೆಯ ಕೊಂಬೆಯಾಗಿ ಕಸಿಕಟ್ಟಿದ್ದರು. ಅಲ್ಲಿಗೆ ಬಂದಾಗ ಮುದುಕಿ ಕೈಯೆತ್ತಿ ನಿಲ್ಲಿಸಿದರು. “ತಮ್ಮಾ, ಅದು ನಮ್ಮ ದೊಡ್ಡತ್ತೆಯನ್ನು ಕೊಟ್ಟ ಮನೆ. ಅವರದು ಕಾಶ್ಯಪ, ನಮ್ಮದು ವಾಸಿಷ್ಠ. ಹೆಣ್ಣು ಕೊಟ್ಟವರನ್ನು ದಾಯಾದಿ ಮಾಡಿದೆಯಲ್ಲ!” ಗೃಹಸ್ಥರು ಬೆಪ್ಪಾದರು. ದೊಡ್ಡತ್ತೆಯ ಹೆಸರು ಅವರಿಗೆ ತಿಳಿದೇ ಇರಲಿಲ್ಲ. ಹೆಣ್ಣುಮಕ್ಕಳ ಹೆಸರುಗಳನ್ನು ವೃಕ್ಷದಲ್ಲಿ ಬರೆದಿರಲಿಲ್ಲವಷ್ಟೆ. ಮುದುಕಿ ಮತ್ತೂ ಹೇಳಿದರು: “ಘಟ್ಟದ ಕೆಳಗಿನ ಭಟ್ಟರ ಮನೆ ಎಲ್ಲಿ? ನಾನು ಚಿಕ್ಕವಳಿದ್ದಾಗ ಆ ಮನೆಯ ಅಜ್ಜ ಸತ್ತರೆ ನಮಗೆ ಹತ್ತು ದಿನ ಮೈಲಿಗೆ. ಹಬ್ಬಕ್ಕೆಂದು ಮಾಡಿದ ಚಕ್ಕುಲಿಯನ್ನು ನಮಗೆ ಮುಟ್ಟಗೊಡಲಿಲ್ಲ.”

ಭಟ್ಟರೆಂದ ಮೇಲೆ ಹೆಗಡೆಯವರಿಗೆ ಏನಾಗಬೇಕು ಎಂದು ಗೃಹಸ್ಥರ ಸಂಶಯ. ಮಧ್ಯಾಹ್ನ ಅಟ್ಟದಿಂದ ಪೆಟ್ಟಿಗೆಯನ್ನು ಇಳಿಸಿದೆವು. ಗೆದ್ದಲು ಅರ್ಧ ತಿಂದಿತ್ತು. ಉಳಿದದ್ದರಲ್ಲಿ ರಾಣಿಯ ಮುಖಮುದ್ರೆಯ ಛಾಪಾಕಾಗದದ ಮೇಲೆ ಮೋಡಿಯಾಗಿ ಬರೆದ ಒಂದು ಪಾಲುಪಟ್ಟಿ ಸಿಕ್ಕಿತು. ಅದನ್ನು ಓದಿ ಮುಗಿಸುವುದಕ್ಕೆ ದೀಪ ಹಚ್ಚುವ ಹೊತ್ತಾಯಿತು. ಅಣ್ಣನಿಗೆ ಮನೆ, ಮೇಲಿನ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ, ಊರ ಹೆಗ್ಗಡಿಕೆಯ ಮರ್ಯಾದೆ. ತಮ್ಮನಿಗೆ ಘಟ್ಟದ ಕೆಳಗಿನ ಗದ್ದೆ ಮತ್ತು ಅಲ್ಲಿಯ ದೇವಸ್ಥಾನದ ಪೂಜೆಯ ವೃತ್ತಿ. ಕೊನೆಯಲ್ಲಿ ಇಬ್ಬರ ರುಜು. ಅಣ್ಣನ ಹೆಸರಿನ ಮುಂದೆ ಹೆಗಡೆ, ತಮ್ಮನ ಹೆಸರಿನ ಮುಂದೆ ಭಟ್ಟ, ಇಬ್ಬರಿಗೂ ‘ಬಿನ್’ ಎಂಬುದರ ಆಚೆ ಒಂದೇ ತಂದೆಯ ಹೆಸರು. ಆ ತಂದೆಯೇ ಇವರ ವೃಕ್ಷದಲ್ಲಿ ಚುಕ್ಕೆಗಳ ಕೆಳಗೆ ಮೊದಲು ಬರೆದಿದ್ದವನು. ಒಡಹುಟ್ಟಿದವರಿಬ್ಬರು ಪಾಲಿಗೆ ಬಂದ ಕೆಲಸದಿಂದಾಗಿ ಎರಡು ಅಡ್ಡಹೆಸರಿನವರಾದರು. ಅಡ್ಡಹೆಸರನ್ನೇ ಹಿಡಿದು ಹುಡುಕಿದ ಮೊಮ್ಮಕ್ಕಳ ಮೊಮ್ಮಗನಿಗೆ ಒಂದು ಇಡೀ ಶಾಖೆಯು ಕಣ್ಣಿಗೆ ಬೀಳಲಿಲ್ಲ.

ಸಪಿಂಡ ಎಂಬುದಕ್ಕೆ ಒಂದೇ ಶರೀರದ ಅವಯವಗಳ ಸಂಬಂಧವುಳ್ಳವರೆಂದು ಅರ್ಥ ಹೇಳಿದವನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರ. ಅವನ ಮಿತಾಕ್ಷರವನ್ನು ನಾವು ಪಾಠಶಾಲೆಯಲ್ಲಿ ಕಂಠಪಾಠಕ್ಕೆಂದು ಓದಿದ್ದೆವೇ ಹೊರತು, ಗೆದ್ದಲು ತಿಂದ ಒಂದು ಪಾಲುಪಟ್ಟಿಯ ಮುಂದೆ ಅದು ಹೀಗೆ ನೆನಪಿಗೆ ಬಂದೀತೆಂದು ಎಣಿಸಿರಲಿಲ್ಲ.

ಮರುದಿನವೇ ಗೃಹಸ್ಥರು ಮಗನನ್ನು ಕರೆದುಕೊಂಡು ಘಟ್ಟ ಇಳಿದರು. 1969ರ ಜನನಮರಣ ನೋಂದಣಿಯ ಕಾಯಿದೆಗೆ ಹಿಂದಿನ ಹುಟ್ಟುಸಾವುಗಳನ್ನು ಅಲ್ಲಿಯ ಭಟ್ಟರು ಒಂದು ಪಂಚಾಂಗದ ಅಂಚಿನಲ್ಲಿ ಬರೆದಿಟ್ಟಿದ್ದರಂತೆ. ಅದರಿಂದ ಹನ್ನೊಂದು ಹೆಸರುಗಳು ಸಿಕ್ಕಿದವೆಂದು ಕಾಗದ ಬರೆದಿದ್ದಾರೆ. ಪುಸ್ತಕವು ಉಪನಯನದ ಹೊತ್ತಿಗೆ ಆಗಲಿಲ್ಲ. ಮಾರಸಿಂಗಯ್ಯನನ್ನು ಅಳಿಸಿಹಾಕಿದ್ದಾರೆ, ಸ್ವಲ್ಪ ಮನಸ್ಸಿಗೆ ನೋವಾಯಿತೆಂದೂ ಬರೆದಿದ್ದಾರೆ, ಅದು ಸಹಜವೇ. ಆ ಜಾಗದಲ್ಲಿ ಪಾಲುಪಟ್ಟಿಯ ತಂದೆಯ ಹೆಸರು, ಅವನ ಪಕ್ಕದಲ್ಲಿ, ಸೋದರತ್ತೆಯ ಬಾಯಿಂದ ಬಂದದ್ದು, ಅವನ ಹೆಂಡತಿಯ ಹೆಸರು. ದೊಡ್ಡತ್ತೆಯೂ ಸೇರಿದ್ದಾಳೆ. ಮುನ್ನುಡಿಯನ್ನು ನಾವು ಬರೆದುಕೊಡುತ್ತಿದ್ದೇವೆ.

ಶಾಸನಗಳ ಸೇನಬೋವನು ಹೇಗೆ ಶಾನುಭೋಗನೂ ಶಾನಭಾಗನೂ ಆದನೆಂಬುದನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸೋಣ. ತಮ್ಮ ಮನೆಗಳಲ್ಲಿರುವ ಹಳೆಯ ಪತ್ರಗಳನ್ನು ಕುರಿತು ಬರೆಯಲಿಚ್ಛಿಸುವ ವಾಚಕ ಮಹಾಶಯರು ನಕಲನ್ನು ಮಾತ್ರ ಕಳುಹಿಸಬೇಕೆಂದೂ, ಮೂಲವನ್ನು ಬೇವಿನ ಎಲೆಯೊಡನೆ ಒಣಗಿದ ಜಾಗದಲ್ಲಿ ಇಡಬೇಕೆಂದೂ ಪ್ರಾರ್ಥಿಸುತ್ತೇವೆ.